ಊಟದ ಹೊತ್ತಿನ ಪರೀಕ್ಷೆ

ಮಾರ್ಚ್ 3
ಕಟಿಂಗ್ ಮೆಷಿನ್ ಪರೀಕ್ಷೆ, ಎಂದಿನಂತೆ ಊಟದ ಹೊತ್ತಿನಲ್ಲಿ. ಕೈ ಅಡ್ಡ ಬಂದರೆ ಬ್ಲೇಡ್ ನಿಲ್ಲಿಸಬೇಕಾದ ಬೆಳಕಿನ ಗೆರೆಗೆ, ಕೈಯ ಬದಲು ಕೋಲು ಅಡ್ಡ ಹಿಡಿದೆ. ಬ್ಲೇಡ್ ನಿಲ್ಲಿಸುವ ಆಜ್ಞೆ ಹೊರಡಿಸಲು ಕಂಪ್ಯೂಟರ್ ತೆಗೆದುಕೊಂಡದ್ದು ಆರು ಮಿಲಿಸೆಕೆಂಡ್. ಮಿತಿ ಹತ್ತು. ಸುರಕ್ಷತಾ ವರದಿಗೆ ಸಹಿ ಹಾಕಿದೆ.
ಆಮೇಲೆ ತಂಗಿ ಬಂದಳು. ದಿನಕ್ಕೆ ಎಂಟು ಗಂಟೆ ಆ ಬ್ಲೇಡಿನ ಮುಂದೆ ನಿಲ್ಲುವವಳು.
"ಅಣ್ಣಾ, ಒಂದೊಂದ್ಸಲ ಇದು ನಿಲ್ಲೋಕೆ ಮೀನಮೇಷ ಎಣಿಸುತ್ತೆ ಕಣೋ."
"ಯಾವಾಗ?"
"ಕೆಲಸ ಮಾಡುವಾಗ. ನೀವೆಲ್ಲ ನಮ್ಮನ್ನ ಊಟಕ್ಕೆ ಅಟ್ಟಿ ಕೋಲು ಹಿಡಿಯುವಾಗ ಅಲ್ಲ!"

ಮಾರ್ಚ್ 4
ಲೈನ್ ಓಡುತ್ತಿರುವಾಗಲೇ ಅಳೆದೆ. ಆರು, ಆರು, ಏಳು... ಹದಿನಾಲ್ಕು. ಮತ್ತೆ ಆರು.
ಕಾರಣ ಸಿಕ್ಕಿತು. ಹೋದ ತಿಂಗಳು ಮಾಲಿನ ಕ್ಯಾಮೆರಾ ತಪಾಸಣೆಯನ್ನೂ ಇದೇ ಕಂಪ್ಯೂಟರಿಗೆ ಹೊರಿಸಿ, ಹೈಪರ್‌ಥ್ರೆಡಿಂಗ್ ಆನ್ ಮಾಡಿದ್ದಾರೆ. ಇರುವುದು ಒಂದೇ ಕೋರ್, ಎರಡೆಂದು ತೋರಿಸಿಕೊಳ್ಳುತ್ತದೆ — ಎರಡು ಕೌಂಟರ್, ಒಳಗೆ ಒಬ್ಬನೇ ಗುಮಾಸ್ತ. ಕ್ಯಾಮೆರಾ ಕಡತ ಹರವಿ ಕೂತರೆ ಬ್ಲೇಡಿನ ಅರ್ಜಿ ಕಾಯಬೇಕು. ಊಟದ ಹೊತ್ತಿನಲ್ಲಿ ಕ್ಯಾಮೆರಾಕ್ಕೆ ಬಿಡುವು. ನಮ್ಮ ಪರೀಕ್ಷೆ ಪಾಸಾಗದೆ ಇನ್ನೇನು!

ಮಾರ್ಚ್ 6
ಮ್ಯಾನೇಜರ್ ನಕ್ಕರು. "ನಾಲ್ಕು ಮಿಲಿಸೆಕೆಂಡಿಗೆ ಇಷ್ಟು ರಾದ್ಧಾಂತಾನಾ ಸಾರ್? ಸರಾಸರಿ ನೋಡಿ, ಎಂಟೂ ಇಲ್ಲ."
ಒಂಬತ್ತು ವರ್ಷದ ಹಿಂದೆ ಹಳೆಯ ಮೆಷಿನ್ ಇಬ್ಬರ ಬೆರಳು ತೆಗೆದಾಗಲೂ ಇದೇ ನಗು, ಬೇರೆಯವರ ಬಾಯಲ್ಲಿ. "ಯಾರದೂ ತಪ್ಪಿಲ್ಲ" ಎಂದಿತ್ತು ವರದಿ. ಪುಟ ಹದಿನೇಳು. ಮರೆತಿಲ್ಲ.
ಮ್ಯಾನೇಜರ್ ನಿಯಮಗಳ ಕಡತ ನನ್ನ ಮುಂದೆ ತಳ್ಳಿದರು. "ಊಟದ ಹೊತ್ತಲ್ಲೇ ಪರೀಕ್ಷೆ ಅಂತ ನಿಯಮ ಬರೆದೋರು ಯಾರು?"
ನಾನೇ. ಲೈನ್ ನಿಲ್ಲಬಾರದೆಂದು. ಬೇರೆ ಹೊತ್ತಿನಲ್ಲಿ ಅಳೆದದ್ದು ಊರ್ಜಿತವಲ್ಲ ಎಂದೂ ನಾನೇ ಸೇರಿಸಿದ್ದೆ.

ಮಾರ್ಚ್ 11
ಮ್ಯಾನೇಜರಿಗೆ ಮೂರು ಪತ್ರ ಕೊಟ್ಟೆ. ಉತ್ತರವಿಲ್ಲ. ರಜೆ ಹಾಕು ಎಂದೆ ತಂಗಿಗೆ.
"ಆಗ ನನ್ನ ಜಾಗದಲ್ಲಿ ಪಕ್ಕದವಳು ನಿಲ್ತಾಳೆ. ಅವಳಿಗೇನು ಬೆರಳಿಲ್ವಾ?"
ನಗುತ್ತಲೇ ಎಡಗೈ ಚಾಚಿದಳು. ತೋರುಬೆರಳಿನ ಉಗುರು ತುದಿಯಲ್ಲಿ ಗೆರೆ ಎಳೆದಷ್ಟು ನೇರ. ಉಗುರುಕಟರ್ ಹಾಗೆ ಕತ್ತರಿಸುವುದಿಲ್ಲ.

ಮಾರ್ಚ್ 12, ಬೆಳಿಗ್ಗೆ 11.20
ಲೈನ್ ನಿಲ್ಲಿಸಿದೆ. ಕಂಟ್ರೋಲ್ ರೂಮಿನ ಚಿಲಕ ಒಳಗಿನಿಂದ ಹಾಕಿದೆ. ಹೈಪರ್‌ಥ್ರೆಡಿಂಗ್ ಆಫ್ ಮಾಡಲು ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದರೆ, ಪಾಸ್‌ವರ್ಡ್ ಕೇಳುತ್ತಿದೆ. ನನ್ನದು ನಡೆಯುತ್ತಿಲ್ಲ. ಬದಲಿಸಿದ್ದಾರೆ.

11.35
ಇರಲಿ. ಪಾಸ್‌ವರ್ಡ್ ಕೇಳುತ್ತಿರುವಷ್ಟು ಹೊತ್ತು ಬ್ಲೇಡ್ ಕದಲದು. ನಾನೂ ಕದಲುವುದಿಲ್ಲ.
"ಸಾರ್, ಬಾಗಿಲು ತೆಗೀರಿ! ಮರ್ಯಾದೆಯಾಗಿ ಹೇಳ್ತಿದೀನಿ!" ಮ್ಯಾನೇಜರ್ ಹೊರಗಿನಿಂದ ಬಾಗಿಲು ಗುದ್ದುತ್ತಿದ್ದಾರೆ.
ಗಾಜಿನಾಚೆ ತಂಗಿ ಎರಡೂ ಕೈ ಎತ್ತಿ, ಹತ್ತೂ ಬೆರಳು ಬಿಡಿಸಿ ನಿಂತಿದ್ದಾಳೆ. ಪಕ್ಕದವಳೂ.
ಚಿಲಕದ ಒಂದು ಸ್ಕ್ರೂ ಆಗಲೇ ಕಿತ್ತು ಬಂದಿದೆ. ಬಾಗಿಲಿಗೆ ಬೆನ್ನು ಕೊಟ್ಟು ಇದನ್ನು ಬರೆಯುತ್ತಿದ್ದೇನೆ.