ಭಾಗ್ಯಾಗೆ ಕೊಟ್ಟ ತೊಟ್ಟಿಲು

ತುಬಚಿ
೧೭ ಜುಲೈ ೨೦೨೫

ಪ್ರೀತಿಯ ಮಾಸ್ತರರಿಗೆ,

ಸುಳ್ಯದ ಮಳೆಗೆ ಹಿಡಿದ ಕೆಮ್ಮು ಕಡಿಮೆಯಾಯಿತೇ? ಬಿಸಿನೀರು ಕುಡಿಯುತ್ತಿದ್ದೀರಾ? ಕೂಸಿಗೆ ಎರಡನೆಯ ಹಲ್ಲು ಬಂದಿದೆ; ಅದು ಮಲಗುವುದಿಲ್ಲ, ಮಲಗಿದರೆ ನಾನು ಮಲಗುವುದಿಲ್ಲ. ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತ ಕೂರುತ್ತೇನೆ. ಬಿ.ಎಸ್ಸಿ. ಓದಿದವಳೆಂದು ನಗಬೇಡಿ. ಅತ್ತೆ ಫೋನನ್ನು ಸ್ಪೀಕರಿಗೆ ಹಾಕಿದರೆ ಓಣಿಯೇ ಕೇಳುತ್ತದೆ, ಅದಕ್ಕೇ ಈ ಪತ್ರ.

ಹೋದ ವಾರ ನೀವು ಸುಳ್ಯದಿಂದ ಫೋನಿನಲ್ಲಿ, "ಇಲ್ಲಿ ಐದೂ ಇಯತ್ತೆ ಕೂಡಿ ಹನ್ನೊಂದ ಹುಡುಗರು. ಮನಿಗೊಂದಽ ಕೂಸು. ಸಾಲಿ ಭಣಭಣ ಅಂತೈತಿ. ನಮ್ಮನಿ ಹಂಗ ಆಗಬಾರದು, ಲಗೂನ ಇನ್ನೊಂದ ಆಗಲಿ" ಎಂದಿರಿ. ಇಲ್ಲಿಯ ಅಂಗನವಾಡಿಯಲ್ಲಿ ನಲವತ್ತು ಮಕ್ಕಳು ಕಾಲು ಚಾಚಲು ಜಾಗವಿಲ್ಲದೆ ಕೂತಿರುತ್ತಾರೆ. ನಿಮಗೆ ಅಲ್ಲಿ ಇಲ್ಲದ ಮಕ್ಕಳ ಚಿಂತೆ, ನನಗೆ ಇರುವ ಒಂದರದೇ ಸಾಕಾಗಿದೆ.

ಭಾನುವಾರ ಒಂದು ತಪ್ಪು ಮಾಡಿದೆ. ಪಕ್ಕದ ಮನೆಯ ಭಾಗ್ಯಾ ತೊಟ್ಟಿಲು ಕೇಳಿದಳು. ಕೂಸು ಅದರಲ್ಲಿ ಮಲಗುವುದೇ ಇಲ್ಲವಲ್ಲ, ಕೊಟ್ಟೆ. ಈ ಓಣಿಯಲ್ಲಿ ಹೆರುವುದು ಮುಗಿದವರು ಮಾತ್ರ ತೊಟ್ಟಿಲನ್ನು ಹೊಸ್ತಿಲು ದಾಟಿಸುತ್ತಾರೆಂದು ಮುಧೋಳದಲ್ಲಿ ಬೆಳೆದ ನನಗೇನು ಗೊತ್ತು? ಸಂಜೆಯೊಳಗೆ ಎದುರುಮನೆಯ ಇಂದ್ರವ್ವ ಬಂದು, "ಒಂದಕ್ಕಽ ಆಪರೇಷನ್ ಮಾಡಿಸ್ಕೊಂಡಿಯಂತಲ್ಲ, ಮಾಸ್ತರಗ ಗೊತ್ತೈತೋ ಇಲ್ಲೋ ಯವ್ವಾ?" ಎಂದು ನನ್ನ ಗಲ್ಲ ಹಿಡಿದರು.

ಆ ಮಾತು ಅತ್ತೆಯ ಕಿವಿಗೂ ಬಿತ್ತು. ಮಂಗಳವಾರ ರೊಟ್ಟಿ ಬಡಿಯುತ್ತ, ನನ್ನ ಕಡೆ ನೋಡದೆ, "ಆರು ಹಡದೇನಿ. ಬೇಕೇನು ಅಂತ ನನ್ನ ಒಬ್ಬರೂ ಕೇಳಲಿಲ್ಲ. ನಿನಗ ಬೇಕೇನು?" ಎಂದರು. "ಸದ್ಯಕ್ಕ ಬ್ಯಾಡ್ರಿ ಅತ್ತಿ. ಕಣ್ತುಂಬ ನಿದ್ದಿ ಬೇಕು" ಎಂದೆ. "ಹಂಗಾದ್ರ ಮೊದಲ ಉಣ್ಣು" ಎಂದು ಬಿಸಿ ರೊಟ್ಟಿ ಹಾಕಿ, ಕೂಸನ್ನೆತ್ತಿಕೊಂಡು ಹೊರಗೆ ಹೋದರು. ಎಷ್ಟೋ ತಿಂಗಳ ಮೇಲೆ ಮೂರು ತಾಸು ಒಂದೇ ಮಗ್ಗುಲಲ್ಲಿ ಮಲಗಿದೆ.

ಹೊತ್ತಿಗೆ ಸರಿಯಾಗಿ ಉಣ್ಣಿರಿ, ಒದ್ದೆ ಅಂಗಿಯಲ್ಲಿ ಪಾಠ ಮಾಡಬೇಡಿ. ಬೀರೇಶ್ವರ ನಿಮ್ಮನ್ನು ಚೆನ್ನಾಗಿಟ್ಟಿರಲಿ. ಕೂಸಿನದೊಂದು ಜೊಲ್ಲು ಮುತ್ತು.

ನಿಮ್ಮ
ವೈಶಾಲಿ

ತಾ.ಕ.: ನಿನ್ನೆ ಅತ್ತೆ ಮತ್ತು ಆಶಾ ಕಾರ್ಯಕರ್ತೆ ಅನಸವ್ವನ ಜೊತೆ ಜಮಖಂಡಿ ದವಾಖಾನೆಗೆ ಹೋಗಿ, ಸದ್ಯಕ್ಕೆ ಮತ್ತೊಂದು ಆಗದಂತೆ ವಂಕಿ, ಅಂದರೆ ಕಾಪರ್-ಟಿ, ಹಾಕಿಸಿಕೊಂಡೆ. ಬೇಕೆನಿಸಿದ ದಿನ ತೆಗೆಸಬಹುದು. ನಿಮ್ಮನ್ನು ಕೇಳಬೇಕಿತ್ತು, ಬೇಡವೆನ್ನುತ್ತೀರೆಂದು ಹೆದರಿದೆ. ಸಿಟ್ಟು ಬಂದರೆ ಅವ್ವನ ಮೇಲೆ ಮಾಡಬೇಕಂತೆ, ನನ್ನ ಮೇಲಲ್ಲ. "ಅವಗ ಹಂಗಽ ಬರಿ" ಎಂದು ಅತ್ತೆ ಪಕ್ಕದಲ್ಲೇ ಕೂತಿದ್ದಾರೆ.