ಮೂರು ದಾರಿಗೂ ಒಂದೇ ಬಾಗಿಲು

ಓಬರ್‌ವೀಸ್, ಟಿರೋಲ್
೯ ಜನವರಿ ೧೯೯೪

ಮುದ್ದು ಮಗಳು ರೋಸಿಗೆ, ಸೊಂಟದವರೆಗೆ ಹಿಮದಲ್ಲಿ ಹೂತುಹೋಗಿರುವ ನಿನ್ನ ಅಪ್ಪನ ಗಟ್ಟಿ ಅಪ್ಪುಗೆ!

ಕ್ರಿಸ್‌ಮಸ್ಸಿಗೆ ಮೊದಲೇ ಬಂದ ಕಾಗದಕ್ಕೆ ಈಗ ಉತ್ತರ. ಬೈಯಬೇಡ. ಬೈದರೂ ಹ್ಯಾಂಬರ್ಗಿನಿಂದ ಇಲ್ಲಿಗೆ ಕೇಳಿಸದು. ಮೂರು ವಾರ ಸ್ಕೀ ಶಾಲೆಯಲ್ಲಿ ನಲವತ್ತು ಮಂದಿಯನ್ನು ಬೀಳಿಸಿ, ಎಬ್ಬಿಸಿ, ಕೂಗಿ ಕೂಗಿ ಗಂಟಲು ಕಟ್ಟಿಹೋಯಿತು. "ಅಬ್ಬಾ, ಈಗ ಇದು ಮನೆ ಥರ ಇದೆ" ಅಂತ ನಿನ್ನ ಅಮ್ಮನಿಗೆ ಖುಷಿಯೋ ಖುಷಿ.

ಇರಲಿ, ನಿನ್ನ ಪ್ರಶ್ನೆಗೆ ಬರುತ್ತೇನೆ. ಫೆಬ್ರವರಿ ರಜೆಗೆ ಯಾವ ಬೆಟ್ಟ? ನೀನೋ, ಕಪ್ಪು ಫಲಕದ ಕಡಿದಾದ ಇಳಿಜಾರಿಗೆ ಹದ್ದಿನಂತೆ ಎರಗುವವಳು. ಹನ್ನೊಂದರ ಮೊಮ್ಮಗಳು ಮೆರ್ಲೆಗೆ ಕೆಂಪು ಫಲಕದ ದಾರಿ ಸಾಕು. ಇನ್ನು ನಮ್ಮ ಅಳಿಯಂದಿರು ಹೆನ್ನಿಂಗ್... ಅಯ್ಯೋ ದೇವರೇ! ಕಡಲತೀರದಲ್ಲಿ ಹುಟ್ಟಿದವರು. ಮಕ್ಕಳಾಡುವ ನೀಲಿ ಫಲಕದ ಇಳಿಜಾರೇ ಅವರಿಗೆ ಪ್ರಪಾತ! ಮೊನ್ನೆ ಫೋನಿನಲ್ಲಿ, "ಮಾವ, ಸ್ಟೈಲೆಲ್ಲಾ ಬೇಡ. ಬ್ರೇಕ್ ಎಲ್ಲಿದೆ ತೋರ್ಸಿ, ಸಾಕು" ಅಂದರು. "ನಿಮ್ಮ ಹಿಂದೇನೇ ಇದೆ ಅಳಿಯಂದ್ರೇ, ಅದ್ರ ಮೇಲೇ ಕೂತ್ಕೊಂಡ್ಬಿಡಿ" ಅಂದೆ.

ಮೂರು ಕಣಿವೆಗೆ ಇಳಿಯುವ ಆ ದೊಡ್ಡ ಬೆಟ್ಟಕ್ಕೇ ಹೋಗೋಣ, ಅವರವರ ಮಟ್ಟಕ್ಕೆ ಅವರವರು ಜಾರಲಿ, ಸಂಜೆ ಸೇರಿದರಾಯಿತು ಎಂದು ಬರೆದಿದ್ದೀಯೆ. ಸೇರಿದರಾಯಿತು! ಎಷ್ಟು ಸಲೀಸಾಗಿ ಬರೆದುಬಿಟ್ಟೆ! ಮೂವತ್ತೆರಡು ವರ್ಷ ಸ್ಕೀ ಮೇಷ್ಟ್ರಾದವನು ಹೇಳುತ್ತೇನೆ, ಕೇಳು. ಬೆಟ್ಟವನ್ನು ಅದರ ತಲೆ ನೋಡಿ ಆರಿಸಬೇಡ, ಪಾದ ನೋಡಿ ಆರಿಸು. ನಕ್ಷೆ ಹರಡಿ, ಒಂದೊಂದು ಬಣ್ಣದ ಗೆರೆಯ ಮೇಲೂ ಬೆರಳಿಟ್ಟು ಕೆಳಗಿಳಿದು ನೋಡು. ಅಲ್ಲಿ ಕಪ್ಪು ದಾರಿ ಒಂದು ಊರಿಗೆ ಇಳಿದರೆ ನೀಲಿ ದಾರಿ ಹಿಂದಿನ ಕಣಿವೆಗೆ ಇಳಿಯುತ್ತದೆ.

ಆದ್ದರಿಂದ ನನ್ನ ತೀರ್ಪು: ನಮ್ಮ ಪಕ್ಕದ ಪುಟ್ಟ ಲೆರ್ಖ್‌ಬೋಡನ್ ಬೆಟ್ಟ! ಕಪ್ಪು ದಾರಿ ಇರುವುದು ಒಂದೇ. ನಾಲ್ಕನೇ ಸಲಕ್ಕೆ ನಿನಗೆ ಬೇಸರವಾದೀತು. ಆದರೆ ಮೂರು ಬಣ್ಣದ ದಾರಿಗಳೂ ಬಂದು ಕಾಟಿ ಅಜ್ಜಿಯ ಹೋಟೆಲಿನ ಬಾಗಿಲಿಗೇ ನಿಲ್ಲುತ್ತವೆ. ಮೊದಲು ಬಂದವರು ಬ್ರೆಡ್ಡಿನುಂಡೆಯ ಬಿಸಿ ಸೂಪು ಕುಡಿಯುತ್ತ, ಉಳಿದವರು ಉರುಳುವುದನ್ನು ಕಿಟಕಿಯಿಂದ ನೋಡಿ ನಗಬಹುದು.

ಅಮ್ಮ ಮಾತ್ರ ಬರಲಾರಳು. ಅವಳ ಮಂಡಿನೋವು ನಿನಗೆ ಗೊತ್ತೇ ಇದೆ.

ನಿಮ್ಮ ಹಿಮ ಮೆತ್ತಗಿರಲಿ, ಮೂಳೆ ಗಟ್ಟಿಯಿರಲಿ.

ನಿನ್ನ ಅಪ್ಪ,
ಎಂಗೆಲ್‌ಬರ್ಟ್

ತಾ.ಕ. ಬರೆದು ಎರಡು ದಿನವಾಯಿತು, ಅಂಚೆಗೆ ಹಾಕಲಾಗಲಿಲ್ಲ. ಅಮ್ಮನ ಮಂಡಿಗೆ ಏನೂ ಆಗಿಲ್ಲ ರೋಸಿ. ಹನ್ನೆರಡು ವರ್ಷದ ಹಿಂದೆ ಅದೇ ದೊಡ್ಡ ಬೆಟ್ಟದ ತುದಿಯಲ್ಲಿ, "ನೀನು ನೀಲಿ ದಾರೀಲಿ ಬಾ ಬುರ್ಗಿ, ಕೆಳಗೆ ಸಿಗ್ತೀನಿ" ಎಂದು ಹೇಳಿ, ಗೆಳೆಯರೊಂದಿಗೆ ಕಪ್ಪು ದಾರಿಗೆ ಧುಮುಕಿದೆ. ಮೇಷ್ಟ್ರು ನಾನು! ನಕ್ಷೆಯನ್ನೇ ನೋಡಿರಲಿಲ್ಲ. ಅವಳು ಆಚೆ ಕಣಿವೆಯಲ್ಲಿ ನಾಲ್ಕು ಗಂಟೆ ಕಾದಳು. ನಾನು ಈಚೆ ಕಣಿವೆಯಲ್ಲಿ ಕುಡಿದು ಹಾಡುತ್ತಿದ್ದೆ. ಅವಳಿಲ್ಲ ಎಂಬುದು ನನಗೆ ಹೊಳೆದದ್ದೇ ಅವಳು ಬಸ್ಸಿಳಿದು ಎದುರು ಬಂದು ನಿಂತಾಗ. "ಮಂಡಿ ನೋಯ್ತಿದೆ, ಇನ್ಮೇಲೆ ನಾ ಬರಲ್ಲ" ಅಂದಳು, ಅಷ್ಟೇ. ಸುಳ್ಳೆಂದು ಗೊತ್ತಿತ್ತು. ಆ ಸುಳ್ಳು ನನಗೆ ಅನುಕೂಲವಾಗಿತ್ತು.

ನಿನ್ನೆ ಈ ಕಾಗದವನ್ನು ಅವಳಿಗೆ ಓದಿ ಹೇಳಿದೆ. ಮಂಡಿಯ ಸಾಲಿಗೆ ಬಂದಾಗ ಕಾಗದ ಕೆಳಗಿಟ್ಟೆ.

"ಮೂರಕ್ಕೂ ಒಂದೇ ಬಾಗ್ಲೇನ್ರೀ?" ಅಂದಳು.

"ಒಂದೇ. ನಾನೂ ನೀಲಿ ದಾರೀಲೇ ಬರ್ತೀನಿ. ನಿನ್ನ ಹಿಂದೇನೇ."

ಅವಳ ಹಳೆಯ ಸ್ಕೀ ಬೂಟುಗಳನ್ನು ಅಟ್ಟದಿಂದ ತಂದು ಒಲೆಯ ಪಕ್ಕ ಇಟ್ಟೆ. ಇವತ್ತು ಬೆಳಗಿನಿಂದ ನೋಡುತ್ತಿದ್ದೇನೆ. ಅವಳು ಅವನ್ನು ಮುಟ್ಟಿಲ್ಲ, ತೆಗೆದೂ ಇಟ್ಟಿಲ್ಲ. ದಾಟಿಕೊಂಡೇ ಓಡಾಡುತ್ತಿದ್ದಾಳೆ.