ಅಲಿಯಾಗೆ ಹಸಿವಾಗ್ಲಿಲ್ಲ

ಫೆಬ್ರವರಿ 9, ಸೋಮವಾರ

ಮತ್ತೆ ಟಿಫನ್ ಬಾಕ್ಸ್ ಹಾಗೇ ವಾಪಸ್. ಅಲಿಯಾ ಚಪಾತಿ ಒಂದು ತುದಿ ಕಚ್ಚಿದಾಳೆ, ಅಷ್ಟೆ. ಒಂದು ಕಡೆ ಕೂತು ಗಮನ ಕೊಡ್ಲಿ ಅಂತ ಕೊಟ್ಟಿರೋ ಮಾತ್ರೆ ಶುರುವಾದಾಗಿಂದ ಇದೇ ಕಥೆ. ಹಸಿವು ಕಮ್ಮಿ ಆಗುತ್ತೆ, ಬೆಳಿಗ್ಗೆ ಚೆನ್ನಾಗಿ ತಿನ್ನಿಸಿ ಅಂತ ಡಾಕ್ಟರ್ ಮೊದಲೇ ಹೇಳಿದ್ರು. ಎಷ್ಟು ಅಂತ ತುರುಕೋದು? ಎಂಟು ವರ್ಷದ ಹುಡುಗಿ, ಕೈ ಕಡ್ಡಿ ಆಗಿದೆ.

ಆದ್ರೆ ಕಾಪಿ ರೈಟಿಂಗ್ ಒಂದು ಪೂರ್ತಿ ಪುಟ ಬರ್ದಿದಾಳೆ. ಕೂತಲ್ಲೇ! ಹಲಸೂರಲ್ಲಿ ಕಂಡೋರ ಮಕ್ಕಳಿಗೆಲ್ಲ ಕನ್ನಡ ಕಲಿಸ್ತೀನಿ, ಮಗಳ ಕೈಲಿ ನಾಲ್ಕು ಸಾಲು ಬರೆಸೋಕೆ ಆಗಿರ್ಲಿಲ್ಲ. ನೋಡಿ ಅಳು ಬಂತು. ಖುಷಿಗೋ ಭಯಕ್ಕೋ ಗೊತ್ತಿಲ್ಲ.

ಫೆಬ್ರವರಿ 12

ಮುಕ್ತಾರ್ ಜೊತೆ ಜಗಳ. ಪಿಸುಮಾತಲ್ಲೇ — ಅತ್ತೆಗೆ ಕೇಳಿಸಬಾರ್ದು.

"ನಾನೂ ಚಿಕ್ಕೋನಾಗಿದ್ದಾಗ ಹಿಂಗೇ ಇದ್ದೆ. ನಂಗ್ಯಾರು ಮಾತ್ರೆ ಕೊಟ್ರು? ಅಂಗಡಿ ನಡೆಸ್ತಿಲ್ವಾ?"

ನಡೆಸ್ತಿದೀರಿ ಸ್ವಾಮಿ, ಶಟರ್‌ಗೆ ಬೀಗ ಹಾಕೋದು ಮರೆತು ಎಷ್ಟು ಸಲ ಶಿವಾಜಿನಗರಕ್ಕೆ ವಾಪಸ್ ಓಡಿದೀರಿ? ಬಾಯಿಗೆ ಬಂತು, ನುಂಗ್ದೆ. ಬಸ್ ಸ್ಟ್ಯಾಂಡ್ ಹತ್ರ ಅವಳು ಗಾಳಿಪಟದ ಹಿಂದೆ ಓಡಿದ್ದು ಮಾತ್ರ ನೆನಪಿಸ್ದೆ. ಡ್ರೈವರ್ ಬ್ರೇಕ್ ಒತ್ತದೇ ಇದ್ದಿದ್ರೆ…

"ಆಯ್ತು ಸಾಬಿರಾ. ಅಮ್ಮಂಗೆ ಮಾತ್ರ ಹೇಳ್ಬೇಡ. ಮೊಮ್ಮಗಳಿಗೆ ಹುಚ್ಚಿನ ಔಷಧಿ ಅಂತ ಎದೆ ಬಡ್ಕೋತಾರೆ."

ಫೆಬ್ರವರಿ 20

ರಂಜಾನ್ ಶುರು. ಅಲಿಯಾದು ಒಂದೇ ಹಠ, ನಾನೂ ರೋಜಾ ಇಡ್ತೀನಿ. ನಾದಿನಿ ಮಗಳು ನಾಜಿಶ್ ಏಳು ವರ್ಷಕ್ಕೇ ಇಟ್ಲಂತೆ. ಅತ್ತೆ ಕುಣಿದಾಡಿಬಿಟ್ರು. ಮಾರ್ಚ್ ಒಂದು, ಭಾನುವಾರ ಫಿಕ್ಸ್. ಮೊದಲ ಉಪವಾಸ ಅಂದ್ರೆ ನಮ್ಮಲ್ಲಿ ಸಣ್ಣ ಮದುವೆನೇ — ಹೊಸ ಬಟ್ಟೆ, ಹೂವಿನ ಹಾರ, ನೆಂಟರಿಗೆಲ್ಲ ಇಫ್ತಾರ್.

ಡಾಕ್ಟರ್‌ಗೆ ಫೋನ್ ಮಾಡ್ದೆ. ಆ ಒಂದು ದಿನ ಮಾತ್ರೆ ಬಿಡಿ, ಪರವಾಗಿಲ್ಲ ಅಂದ್ರು.

ಮಾರ್ಚ್ 1, ಬೆಳಗಿನ ಜಾವ

ಕೊಟ್ಟುಬಿಟ್ಟೆ. ಬಿಡಿ ಅಂದಿದ್ರೂ. ನೆಂಟ್ರೆಲ್ಲ ಬರ್ತಾರೆ, ಮಾತ್ರೆ ಇಲ್ದೆ ಮನೆ ರಣರಂಗ. ಮಧ್ಯಾಹ್ನಕ್ಕೇ ಏನಾದ್ರೂ ತಿಂದುಬಿಟ್ರೆ ಅತ್ತೆ ಮುಖ ನೋಡೋರ್ಯಾರು? ಸೆಹರಿ ಊಟ ಮಾಡಿಸಿ, ಹಾಲಿನ ಜೊತೆ ಕೊಟ್ಟೆ. ಅತ್ತೆ ಕೋಣೆ ಕಡೆ ತೋರಿಸಿ, ದಾದಿಗೆ ಹೇಳ್ಬೇಡ ಅಂದೆ. ತಲೆ ಆಡಿಸಿದ್ಲು.

ಮಾರ್ಚ್ 1, ಸಂಜೆ

ಮುಗೀತು. ದಿನವಿಡೀ ಪೇಂಟ್ ಮಾಡ್ತಾ ಕೂತಿದ್ಲು, ತಂಟೆ ಇಲ್ಲ ತಕರಾರಿಲ್ಲ. ಅತ್ತೆ ಎಲ್ಲರ ಮುಂದೆ ಹಾರ ಹಾಕಿ ಕೇಳಿದ್ರು, "ಹಸಿವಾಗ್ಲಿಲ್ವಾ ಬೇಟಾ?"

"ಸ್ವಲ್ಪಾನೂ ಇಲ್ಲ ದಾದಿ."

"ಸುಭಾನಲ್ಲಾ! ಸ್ಕೂಲಿನೋರು ಇವಳನ್ನ ಡಾಕ್ಟರ್‌ಗೆ ತೋರ್ಸಿ ಅಂದ್ರಂತೆ! ಏನಾಗಿದೆ ಇವಳಿಗೆ? ನನ್ನ ದುವಾ ಸಾಕು."

ಎಲ್ಲರೂ ಅವಳ ತಲೆ ಸವರಿದ್ರು. ಮುಕ್ತಾರ್ ನನ್ನ ಕಡೆ ನೋಡಿದ್ರು. ನಾನು ಸಮೋಸ ಜೋಡಿಸೋ ನಾಟಕ. ಥೂ, ನನ್ನ ಮೇಲೆ ನಂಗೇ ಅಸಹ್ಯ ಆಯ್ತು.

ಆಮೇಲೆ ಅಡುಗೆಮನೆಗೆ ಬಂದ್ಲು. ಹಾರ ತೆಗೆದು ಕೈಲಿ ಹಿಡ್ಕೊಂಡಿದ್ಲು.

"ಅಮ್ಮಿ, ಹಸಿವಾಗದೇ ಇದ್ರೆ ರೋಜಾ ಆಗುತ್ತಾ?"

"ಆಗುತ್ತೆ ಕಣೇ."

"ನಾಜಿಶ್ ಹಸಿವಾಗಿ ಅತ್ಲಂತೆ. ಆದ್ರೂ ತಿನ್ಲಿಲ್ವಂತೆ. ನಾನೇನೂ ಮಾಡ್ಲಿಲ್ಲ. ರೋಜಾ ಇಟ್ಟಿದ್ದು ಮಾತ್ರೆ."

ಇಷ್ಟು ಕೂತು ಯೋಚ್ನೆ ಮಾಡೋ ಹಾಗೆ ಮಾಡಿದ್ದೂ ಆ ಮಾತ್ರೆನೇ ಇರ್ಬೇಕು…

ಮಾರ್ಚ್ 2, ಬೆಳಿಗ್ಗೆ 4.50

ತಾನೇ ಎದ್ದು ಕೂತಿದಾಳೆ. ಇವತ್ತೂ ರೋಜಾ ಅಂತೆ. ಮಾತ್ರೆ ತೋರಿಸ್ದೆ, ತುಟಿ ಬಿಗಿದ್ಲು.

"ಬೇಡ ಅಮ್ಮಿ. ನಂಗೆ ಹಸಿವಾಗ್ಬೇಕು."

ಇವತ್ತು ಸ್ಕೂಲಿದೆ. ರೋಡ್ ದಾಟ್ಬೇಕು. ಬೇಡ ಅನ್ನೋ ಹಕ್ಕು ಅವಳಿಗಿಲ್ವಾ? ಎಂಟು ವರ್ಷಕ್ಕೆ ಇದೆಯಾ? ಅತ್ತೆ ಆಚೆ ಕೋಣೆಯಿಂದ ಕೂಗ್ತಿದಾರೆ, ಏನೇ ಅದು ತಾಯಿ ಮಗಳದ್ದು ಅಂತ. ಎದ್ದು ಬರ್ತಿದಾರೆ. ಮಾತ್ರೆ ಮೇಜಿನ ಮೇಲೇ ಇದೆ. ತೆಗೆದಿಡಲ್ಲ. ಕೇಳಿದ್ರೆ, ಅಲಿಯಾ ಎದುರಿಗೇ ಹೇಳ್ತೀನಿ, ನಿನ್ನೆ ನಾನೇ ಮಾತ್ರೆ ಕೊಟ್ಟು—